ಸುಂಡಿಲಿಗಳ ದ್ವೀಪ: ‘ದಿ ಕಿಲ್ಲರ್ ಶ್ರೂಸ್’ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ, ಅಗ್ಗದ ಹಾರರ್ ಸಿನಿಮಾಗಳನ್ನು ಹುಡುಕಿ ತಂದು ಗೆಳೆಯರಿಗೆ ತೋರಿಸುವ ಚಟ ನನಗಿದೆ. ಅವುಗಳಲ್ಲಿ ಅತಿ ಜಾಸ್ತಿ ನಗು ಬರಿಸಿದ್ದೂ, ಅತಿ ಜಾಸ್ತಿ ಪ್ರಶ್ನೆ ತಂದಿದ್ದೂ ಈ ಒಂದೇ ಸಿನಿಮಾ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಗಿದೆ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಹಾಕಿದ್ದೇನೆ. ಕಥೆಯ ಕೊನೆಯೂ ಇಲ್ಲೇ ಬರುತ್ತದೆ. ಮೊದಲು ಸಿನಿಮಾ ನೋಡಬೇಕು ಅನ್ನುವವರು ನೋಡಿಯೇ ಬನ್ನಿ, ಇರೋದೇ 69 ನಿಮಿಷ.

ಇದು ಯಾವ ಸಿನಿಮಾ? ಯಾವ ಕಾಲದ್ದು?

1959ರಲ್ಲಿ ಬಂದ ಅಮೆರಿಕದ ಕಪ್ಪು-ಬಿಳುಪು ಚಿತ್ರ. ನಿರ್ದೇಶಕರು ರೇ ಕೆಲಾಗ್. ಕಥೆ ಬರೆದವರು ಜೇ ಸಿಮ್ಸ್. ಹಣ ಹಾಕಿದವರು ಟೆಕ್ಸಾಸ್‌ನ ರೇಡಿಯೊ ಉದ್ಯಮಿ ಗಾರ್ಡನ್ ಮೆಕ್ಲೆಂಡನ್. ನಿರ್ಮಾಣದ ಕೆಲಸ ನೋಡಿಕೊಂಡವರು ಕೆನ್ ಕರ್ಟಿಸ್. ಈ ಕೊನೆಯ ಇಬ್ಬರೂ ಸಿನಿಮಾದಲ್ಲಿ ಪಾತ್ರವನ್ನೂ ಮಾಡಿದ್ದಾರೆ. ನಮ್ಮೂರ ನಾಟಕ ಕಂಪನಿಗಳ ಹಾಗೆ. ಮಾಲೀಕನೇ ಬಣ್ಣ ಹಚ್ಚಿಕೊಂಡರೆ ಒಬ್ಬ ನಟನ ಸಂಬಳ ಉಳಿಯಿತು.

ಶ್ರೂ ಅಂದರೆ ಏನು? ಇಲಿಯಾ?

ಇಲಿ ಅಲ್ಲ. ಅದು ನಮ್ಮ ಸುಂಡಿಲಿ. ಕೆಲವರು ಮೂಗಿಲಿ ಅನ್ನುತ್ತಾರೆ. ಚೂಪು ಮೂತಿ, ಕಂಡೂ ಕಾಣದಷ್ಟು ಸಣ್ಣ ಕಣ್ಣು, ರಾತ್ರಿ ಗೋಡೆಯ ಬುಡ ಹಿಡಿದುಕೊಂಡು ಓಡುತ್ತದಲ್ಲ, ಅದೇ. ಹೋದ ಮೇಲೂ ಅದರ ವಾಸನೆ ಅಲ್ಲೇ ಇರುತ್ತದೆ. ಬೆಕ್ಕು ಹಿಡಿದರೂ ಸಾಮಾನ್ಯವಾಗಿ ತಿನ್ನದೆ ಬಿಟ್ಟುಬಿಡುತ್ತದೆ. ಹೆಸರಿನಲ್ಲಿ ಇಲಿ ಇದ್ದರೂ ಪ್ರಾಣಿಶಾಸ್ತ್ರದ ಲೆಕ್ಕದಲ್ಲಿ ಇದು ಇಲಿ, ಅಳಿಲುಗಳ ಗುಂಪಿಗೆ ಸೇರಿದ್ದಲ್ಲ. ಮುಳ್ಳುಹಂದಿಯ ಹಾಗೆ ಕಾಣುವ ಪುಟ್ಟ ಹೆಜ್‌ಹಾಗ್ ಮತ್ತು ನೆಲದೊಳಗೆ ಬಿಲ ತೋಡಿ ಬದುಕುವ ಯುರೋಪಿನ ಮೋಲ್ ಇದರ ನಂಟರು. ಕಾಳು ಕಡ್ಡಿಗಿಂತ ಹುಳ, ಜಿರಳೆಗಳೇ ಇದಕ್ಕೆ ಇಷ್ಟ. ಅಂದರೆ ಮನೆಗೆ ಉಪಕಾರಿ.

ಮರಿಗಳನ್ನು ಕರೆದುಕೊಂಡು ಹೋಗುವಾಗ ಒಂದು ಮರಿ ತಾಯಿಯ ಹಿಂಭಾಗ ಕಚ್ಚಿ ಹಿಡಿಯುತ್ತದೆ, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಪುಟ್ಟ ರೈಲಿನ ಹಾಗೆ ಸಾಲು ಹೋಗುತ್ತದೆ. ಇಂಥ ಪ್ರಾಣಿಯನ್ನು ರಾಕ್ಷಸ ಮಾಡಬೇಕು ಅಂತ ಯಾರಿಗಾದರೂ ಹೊಳೆದದ್ದೇ ಒಂದು ತಮಾಷೆ.

ಕಥೆ ಏನು?

ದೂರದ ಒಂದು ದ್ವೀಪ. ಅಲ್ಲಿ ಒಂದು ಸಂಶೋಧನಾ ಕೇಂದ್ರ. ಕೇಂದ್ರ ಅಂದರೆ ಒಂದು ಮನೆ, ಒಂದು ಕೊಟ್ಟಿಗೆ, ಸುತ್ತ ಎತ್ತರದ ಬೇಲಿ. ದೋಣಿಯ ಕ್ಯಾಪ್ಟನ್ ಥಾರ್ನ್ ಶರ್ಮನ್ ತನ್ನ ಜೊತೆಗಾರ ರೂಕ್ ಜೊತೆ ಸಾಮಾನು ತಲುಪಿಸಲು ಬರುತ್ತಾನೆ. ಹಿಂದೆಯೇ ಚಂಡಮಾರುತ ಬರುತ್ತಿದೆ. ರಾತ್ರಿ ಅಲ್ಲೇ ಉಳಿಯದೆ ಬೇರೆ ದಾರಿ ಇಲ್ಲ.

ದಡದಲ್ಲಿ ಸಿಗುವವರು ಡಾಕ್ಟರ್ ಕ್ರೇಗಿಸ್, ಮಗಳು ಆ್ಯನ್, ಅವಳ ಜೊತೆ ಮದುವೆ ನಿಶ್ಚಯವಾಗಿದ್ದ ಜೆರ್ರಿ. ಮನೆಯಲ್ಲಿ ಇನ್ನೊಬ್ಬ ವಿಜ್ಞಾನಿ ರ‍್ಯಾಡ್‌ಫರ್ಡ್, ಕೆಲಸದ ಮಾರಿಯೊ. ಎಲ್ಲರೂ ತುಂಬ ಚೆನ್ನಾಗಿ ಮಾತಾಡುತ್ತಾರೆ, ಗ್ಲಾಸಿಗೆ ಮೇಲಿಂದ ಮೇಲೆ ಸುರಿಯುತ್ತಾರೆ, ಆದರೆ ಕತ್ತಲಾಗುವ ಮೊದಲು ಬಾಗಿಲು ಹಾಕಲು ಆತುರಪಡುತ್ತಾರೆ. ಥಾರ್ನ್ ದೋಣಿಗೆ ವಾಪಸ್ ಹೊರಟರೆ ಆ್ಯನ್ ಪಿಸ್ತೂಲು ತೋರಿಸಿ ತಡೆಯುತ್ತಾಳೆ. ಆಮೇಲೆ ನಿಜ ಹೊರಬರುತ್ತದೆ. ಪ್ರಯೋಗಕ್ಕೆ ಸಾಕಿದ್ದ ಸುಂಡಿಲಿಗಳಲ್ಲಿ ಕೆಲವು ನಾಯಿ, ತೋಳದಷ್ಟು ದೊಡ್ಡದಾಗಿ ಬೆಳೆದಿವೆ. ಜೆರ್ರಿ ಕುಡಿದು ಪಂಜರದ ಬಾಗಿಲು ಸರಿಯಾಗಿ ಹಾಕಿಲ್ಲ. ಈಗ ಹೊರಗೆ ಇನ್ನೂರು ಮುನ್ನೂರು ಇವೆ. ದ್ವೀಪದಲ್ಲಿ ತಿನ್ನಲು ಇದ್ದದ್ದೆಲ್ಲ ಮುಗಿದಿದೆ. ಉಳಿದಿರುವ ಊಟ ಅಂದರೆ ಈ ಮನೆಯೊಳಗಿನ ಜನ.

ವಿಜ್ಞಾನಿ ನಿಜವಾಗಿ ಏನು ಮಾಡಲು ಹೊರಟಿದ್ದ?

ಜನಸಂಖ್ಯೆಯ ಚಿಂತೆ. ಜನ ಹೆಚ್ಚಾಗುತ್ತಿದ್ದಾರೆ, ಊಟ ಸಾಲುವುದಿಲ್ಲ, ಆದ್ದರಿಂದ ಮನುಷ್ಯರನ್ನೇ ಚಿಕ್ಕದು ಮಾಡೋಣ ಅನ್ನುವುದು ಕ್ರೇಗಿಸ್ ಯೋಚನೆ. ಅರ್ಧ ಗಾತ್ರದ ಮನುಷ್ಯನಿಗೆ ಕಡಿಮೆ ಅನ್ನ ಸಾಕು ಅಂತ. ಸುಂಡಿಲಿಯ ಮೈಯಲ್ಲಿ ಎಲ್ಲವೂ ಬೇಗ ಬೇಗ ನಡೆಯುತ್ತದೆ, ಆಯುಸ್ಸೂ ಕಡಿಮೆ, ಹಾಗಾಗಿ ಪ್ರಯೋಗಕ್ಕೆ ಅನುಕೂಲ.

ನಗುವ ಮೊದಲು ಕಾಲ ನೋಡಿ. 1960ರ ಹೊತ್ತಿಗೆ ಜಗತ್ತಿನ ಜನಸಂಖ್ಯೆ ಸುಮಾರು 300 ಕೋಟಿ. ಆಗಿನ ಪತ್ರಿಕೆಗಳಲ್ಲಿ ಇದು ದೊಡ್ಡ ಭಯ. ಈಗ 800 ಕೋಟಿ ದಾಟಿದ್ದೇವೆ. ಆ ದಶಕದ ಪ್ರಾಣಿ-ರಾಕ್ಷಸ ಚಿತ್ರಗಳಲ್ಲಿ ಸಾಮಾನ್ಯವಾಗಿ ಅಣುಬಾಂಬೇ ಎಲ್ಲದಕ್ಕೂ ಕಾರಣ. ಇಲ್ಲಿ ಬಾಂಬೇ ಇಲ್ಲ, ರೇಷನ್ ಚಿಂತೆ ಇದೆ. ಅದು ನನಗೆ ಇಷ್ಟವಾದ ವಿಷಯ. ಜಗತ್ತಿನ ಹಸಿವು ನೀಗಿಸಲು ಹೊರಟವನು ಜಗತ್ತಿನಲ್ಲೇ ಅತಿ ಹಸಿದ ಪ್ರಾಣಿಯನ್ನು ಮಾಡಿ ಕೂರುತ್ತಾನೆ. ಈ ವ್ಯಂಗ್ಯ ಕಥೆ ಬರೆದವರಿಗೆ ಗೊತ್ತಿದ್ದೇ ಬಂದದ್ದು ಅನ್ನಿಸುತ್ತದೆ.

ಆ ಪ್ರಾಣಿಗಳು ನಾಯಿಗಳಾ? ನನಗೆ ಮಾತ್ರ ಹಾಗೆ ಕಂಡಿತಾ?

ನಿಮ್ಮ ಕಣ್ಣು ಸರಿಯಾಗಿಯೇ ಇದೆ. ಅವು ನಾಯಿಗಳೇ. ಕೂನ್‌ಹೌಂಡ್ ಅನ್ನುವ ಬೇಟೆ ನಾಯಿಗಳು. ಮೈಮೇಲೆ ಜೋಲಾಡುವ ಕೂದಲಿನ ಹೊದಿಕೆ, ಬಾಯಿಗೆ ಕೋರೆಹಲ್ಲು, ಹಿಂದೆ ಇಲಿಬಾಲ. ದೂರದಿಂದ ಗುಂಪಾಗಿ ಓಡುವಾಗ, ಅದೂ ಗಿಡಗಳ ಮಧ್ಯೆ, ಒಂದು ಕ್ಷಣ ಏನೋ ಭಯಂಕರ ಪ್ರಾಣಿ ಅನ್ನಿಸುವುದು ನಿಜ. ನಿಂತರೆ ಮುಗಿಯಿತು. ಹಳೆ ಕಾಲೊರಸು ಹೊದ್ದ ನಾಯಿ.

ಹತ್ತಿರದ ಶಾಟ್‌ಗಳಿಗೆ ನಾಯಿ ಬಳಸಿಲ್ಲ. ಕೈಗೆ ಹಾಕಿಕೊಂಡು ಆಡಿಸುವ ಗೊಂಬೆಯ ತಲೆ ಬಳಸಿದ್ದಾರೆ. ಗೋಡೆಯ ತೂತಿನಿಂದ ಮೂತಿ ತೂರಿಸಿ ಹಲ್ಲು ಕಿರಿಯುತ್ತದಲ್ಲ, ಅದು ಗೊಂಬೆ. ಗೊಂಬೆಗೂ ನಾಯಿಗೂ ಮುಖ ಹೊಂದುವುದಿಲ್ಲ. ಗೊಂಬೆಗೆ ಕೋಪ ಇದೆ. ನಾಯಿಗಳಿಗೆ ಉತ್ಸಾಹ ಇದೆ.

ಬೇರೆ ಉಪಾಯ ಇರಲಿಲ್ವಾ?

ಇತ್ತು. ಇದೇ ತಂಡ ಇದೇ ವರ್ಷ ಇನ್ನೊಂದು ಚಿತ್ರ ಮಾಡಿತು, ‘ದಿ ಜಾಯಂಟ್ ಗಿಲಾ ಮಾನ್‌ಸ್ಟರ್’. ಅದರಲ್ಲಿ ನಿಜವಾದ ದೊಡ್ಡ ಹಲ್ಲಿಯಂಥ ಪ್ರಾಣಿಯನ್ನು ಆಟಿಕೆ ಗಾತ್ರದ ಕಾರು, ರೈಲು, ಸೇತುವೆಗಳ ನಡುವೆ ಬಿಟ್ಟು ಚಿತ್ರೀಕರಿಸಿದರು. ಅಂದರೆ ಒಂದರಲ್ಲಿ ಪ್ರಪಂಚವನ್ನು ಚಿಕ್ಕದು ಮಾಡಿದರು, ಇನ್ನೊಂದರಲ್ಲಿ ದೊಡ್ಡ ಪ್ರಾಣಿಗೆ ಚಿಕ್ಕ ಪ್ರಾಣಿಯ ವೇಷ ಹಾಕಿದರು. ಮೊದಲ ಉಪಾಯದಲ್ಲಿ ಪ್ರಾಣಿ ನಿಜ ಅನ್ನಿಸುತ್ತದೆ, ಆದರೆ ಮನುಷ್ಯ ಮತ್ತು ಪ್ರಾಣಿ ಒಂದೇ ಫ್ರೇಮಿನಲ್ಲಿ ಬರುವ ಹಾಗಿಲ್ಲ. ಆ ಹಲ್ಲಿ ಸಿನಿಮಾದಲ್ಲಿ ಅದು ಯಾರನ್ನೂ ಅಟ್ಟಿಸಿಕೊಂಡು ಬರುವುದೇ ಇಲ್ಲ ಅನ್ನಿಸುತ್ತದೆ. ಎಲ್ಲೋ ಬೇರೆ ಊರಲ್ಲಿ ನಿಧಾನವಾಗಿ ನಡೆಯುತ್ತಾ ಇರುತ್ತದೆ.

ನಾಯಿ ಹಾಗಲ್ಲ. ಓಡುತ್ತದೆ, ಹಾರುತ್ತದೆ, ನಟನ ಕಾಲಿನ ಹತ್ತಿರವೇ ಬರುತ್ತದೆ. ನನ್ನ ಮಟ್ಟಿಗೆ ನಾಯಿಯೇ ಸರಿಯಾದ ಆಯ್ಕೆ.

ಬಜೆಟ್ ಎಷ್ಟು?

ಸಾಮಾನ್ಯವಾಗಿ ಹೇಳುವ ಲೆಕ್ಕ ಸುಮಾರು 1,23,000 ಡಾಲರ್. ಆ ಕಾಲದ ಹಾಲಿವುಡ್ಡಿಗೆ ಅದು ತುಂಬ ಕಡಿಮೆ. ಆದರೆ ಇದಕ್ಕಿಂತ ಬಡವರೂ ಇದ್ದರು. 1957ರಲ್ಲಿ ರೋಜರ್ ಕಾರ್ಮನ್ ಸುಮಾರು 70,000 ಡಾಲರಿನಲ್ಲಿ ‘ಅಟ್ಯಾಕ್ ಆಫ್ ದಿ ಕ್ರ್ಯಾಬ್ ಮಾನ್‌ಸ್ಟರ್ಸ್’ ಮುಗಿಸಿದ್ದರು. ಅಲ್ಲೂ ದ್ವೀಪ, ಅಲ್ಲೂ ವಿಜ್ಞಾನಿಗಳು, ಸುಂಡಿಲಿ ಬದಲು ಏಡಿ.

ಈ ಬಗೆಯ ಚಿತ್ರಗಳೆಲ್ಲ ಯಾಕೆ ಸಂಶೋಧನಾ ಕೇಂದ್ರದಲ್ಲೇ ನಡೆಯುತ್ತವೆ?

ದುಡ್ಡು ಉಳಿಯುತ್ತದೆ. ಅದೇ ಮೊದಲ ಕಾರಣ. ಒಂದು ಮನೆ ಸಾಕು. ಏಳೆಂಟು ನಟರು ಸಾಕು. ಜನಜಂಗುಳಿ ಬೇಡ, ಪೊಲೀಸ್ ಬೇಡ, ರಸ್ತೆ ಬೇಡ. ಪ್ರಾಣಿ ಎಲ್ಲಿಂದ ಬಂತು ಅಂತ ಹೇಳಲು ಒಬ್ಬ ವಿಜ್ಞಾನಿ ಅಲ್ಲೇ ಕೂತಿರುತ್ತಾನೆ. ಯಾಕೆ ಓಡಿಹೋಗಲಿಲ್ಲ ಅನ್ನುವ ಪ್ರಶ್ನೆಗೆ ಹಿಮವೋ ಕಡಲೋ ಉತ್ತರ ಕೊಡುತ್ತದೆ. 1951ರ ‘ದಿ ಥಿಂಗ್ ಫ್ರಮ್ ಅನದರ್ ವರ್ಲ್ಡ್’ ಉತ್ತರ ಧ್ರುವದ ಕಡೆಯ ಒಂದು ಕೇಂದ್ರದಲ್ಲಿ ನಡೆಯುತ್ತದೆ. ಅಲ್ಲಿಂದ ಈ ಸೂತ್ರ ಗಟ್ಟಿಯಾಯಿತು ಅನ್ನಬಹುದು.

ಒಂದು ಮೋಜಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಆ 1951ರ ಚಿತ್ರದಲ್ಲಿ ರಾಕ್ಷಸನಾಗಿದ್ದವರು ಜೇಮ್ಸ್ ಆರ್ನೆಸ್. ಸುಂಡಿಲಿ ಸಿನಿಮಾದಲ್ಲಿ ಕೇಡಿಗ ಜೆರ್ರಿ ಆಗಿದ್ದವರು ಕೆನ್ ಕರ್ಟಿಸ್. ಮುಂದೆ ಇಬ್ಬರೂ ‘ಗನ್‌ಸ್ಮೋಕ್’ ಅನ್ನುವ ಟಿವಿ ಧಾರಾವಾಹಿಯಲ್ಲಿ ವರ್ಷಗಟ್ಟಲೆ ಜೊತೆಯಾಗಿ ನಟಿಸಿದರು. ಒಬ್ಬರು ಮಾರ್ಷಲ್, ಇನ್ನೊಬ್ಬರು ಅವರ ಬಂಟ ಫೆಸ್ಟಸ್. ಅಮೆರಿಕದ ಮನೆಮನೆಯಲ್ಲೂ ನೋಡಿದ ಜೋಡಿ ಅದು.

ಹೌದು, ಆದರೆ ಭಯ ಆಗುತ್ತಾ?

ನೋಡಿದರೆ ಇಲ್ಲ. ಕೇಳಿದರೆ ಆಗುತ್ತದೆ.

ಸುಮ್ನೆ ಹೇಳುತ್ತಿಲ್ಲ. ಒಂದು ಮಳೆಗಾಲ ಸಾಗರದ ಕಡೆ ಚಿಕ್ಕಮ್ಮನ ಮನೆಯಲ್ಲಿದ್ದೆ. ರಾತ್ರಿ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಇದನ್ನು ಹಾಕಿದ್ದೆ. ಚಿಕ್ಕಮ್ಮ ಒಳಗೆ ಅಡುಗೆಮನೆಯಲ್ಲಿ. ಸಿನಿಮಾದಲ್ಲಿ ಸುಂಡಿಲಿಗಳು ಗೋಡೆ ಕೆರೆಯುವ ಜಾಗ ಬಂತು. ಕಿಚಕಿಚ ಸದ್ದು, ನಡುವೆ ಪರಪರ ಮಣ್ಣು ಉದುರುವ ಸದ್ದು. ಹೊರಗೆ ಮಳೆ. ಚಿಕ್ಕಮ್ಮ ಒಳಗಿನಿಂದಲೇ ಕೂಗಿದರು, “ಏನೋ ಅದು? ಹೆಗ್ಗಣ ಮತ್ತೆ ಗೋಡೆ ತೋಡ್ತಿದೆ. ಅಟ್ಟದ ಕೆಳಗೆ ನೋಡೋ!” ನಾನು ಉತ್ತರ ಕೊಡುವ ಮೊದಲೇ ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ಹಿಡಿಕಡ್ಡಿ ಹಿಡಿದು ಬಂದೇಬಿಟ್ಟರು. ಮುಖದಲ್ಲಿ ನಿಜವಾದ ಗಾಬರಿ.

ಆಮೇಲೆ ಪರದೆ ನೋಡಿದರು. ಎರಡು ಕ್ಷಣ ಸುಮ್ಮನಿದ್ದು, “ಅಯ್ಯೋ, ನಾಯಿ ಕಣೋ ಅದು. ಪಾಪ, ಯಾರೋ ಕಂಬಳಿ ಕಟ್ಟಿದಾರೆ” ಅಂದು ಟಾರ್ಚ್ ಆರಿಸಿ ಒಳಗೆ ಹೋದರು.

ಈ ಸಿನಿಮಾದ ಬಗ್ಗೆ ನಾನು ಓದಿದ ಯಾವ ವಿಮರ್ಶೆಯೂ ಇಷ್ಟು ಸರಿಯಾಗಿಲ್ಲ. ಕಿವಿಗೆ ಅದು ಹೆಗ್ಗಣ. ಕಣ್ಣಿಗೆ ನಾಯಿ.

ಆ ಗೋಡೆ ಯಾಕೆ ಅಷ್ಟು ಮುಖ್ಯ?

ಮನೆಯ ಗೋಡೆ ಹಸಿ ಮಣ್ಣಿನ ಇಟ್ಟಿಗೆಯದು. ಚಂಡಮಾರುತದ ಮಳೆಗೆ ಅದು ಮೆತ್ತಗಾಗುತ್ತಾ ಹೋಗುತ್ತದೆ. ಹೊರಗಿನವು ಬಾಗಿಲು ಒಡೆಯಬೇಕಾಗಿಲ್ಲ, ಗೋಡೆ ತೋಡಿದರೆ ಸಾಕು. ಮಣ್ಣಿನ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳಗ್ಗೆ ಎದ್ದಾಗ ಗೋಡೆಯ ಬುಡದಲ್ಲಿ ಹೊಸ ಮಣ್ಣಿನ ಗುಪ್ಪೆ ಬಿದ್ದಿರುತ್ತದಲ್ಲ, ಅದೇ ಹೊಟ್ಟೆಯೊಳಗಿನ ತಳಮಳ.

ಚಿತ್ರದ ಅರ್ಧಕ್ಕಿಂತ ಜಾಸ್ತಿ ಹೊತ್ತು ನಾವು ಒಂದು ಬೈಠಕ್ ಕೋಣೆಯಲ್ಲೇ ಇರುತ್ತೇವೆ. ಜನ ಕೂತು ಮಾತಾಡುತ್ತಾರೆ, ಕುಡಿಯುತ್ತಾರೆ, ಜಗಳವಾಡುತ್ತಾರೆ. ಇದು ಬೋರ್ ಅಂತ ದೂರುವವರು ಇದ್ದಾರೆ. ಒಪ್ಪುತ್ತೇನೆ, ಮೊದಲ ಇಪ್ಪತ್ತು ನಿಮಿಷ ಎಳೆಯುತ್ತದೆ. ಆದರೆ ಆ ಮಾತಿನ ಹಿಂದೆ ಹೊರಗಿನ ಸದ್ದು ನಿಲ್ಲುವುದಿಲ್ಲ. ಮಾತಾಡುತ್ತಿದ್ದವರು ತಟ್ಟನೆ ನಿಲ್ಲಿಸಿ ಗೋಡೆಯ ಕಡೆ ನೋಡುತ್ತಾರೆ. ನಾವೂ ನೋಡುತ್ತೇವೆ. ಗೋಡೆಯಲ್ಲಿ ಏನೂ ಇರುವುದಿಲ್ಲ. ಅಲ್ಲೇ ಸಿನಿಮಾ ಗೆಲ್ಲುವುದು.

ಸದ್ದಿನ ಕೆಲಸ ಇಷ್ಟು ಚೆನ್ನಾಗಿರಲು ಕಾರಣ?

ಇದು ನನ್ನ ಊಹೆ, ಆದರೆ ಆಧಾರ ಇರುವ ಊಹೆ. ಹಣ ಹಾಕಿದ ಗಾರ್ಡನ್ ಮೆಕ್ಲೆಂಡನ್ ರೇಡಿಯೊದವರು ಅಂದೆನಲ್ಲ. 1940ರ ದಶಕದ ಕೊನೆಯಲ್ಲಿ ಅವರು ಹೆಸರು ಮಾಡಿದ್ದು ಬೇಸ್‌ಬಾಲ್ ಕಾಮೆಂಟರಿಯಿಂದ. ಆದರೆ ಎಷ್ಟೋ ಪಂದ್ಯಗಳಿಗೆ ಅವರು ಮೈದಾನಕ್ಕೆ ಹೋಗುತ್ತಲೇ ಇರಲಿಲ್ಲ. ಪಂದ್ಯದ ವಿವರ ತಂತಿಯಲ್ಲಿ ಎರಡೆರಡು ಪದವಾಗಿ ಬರುತ್ತಿತ್ತು. ಸ್ಟುಡಿಯೊದಲ್ಲಿ ಕೂತು, ಪ್ರೇಕ್ಷಕರ ಗದ್ದಲ, ಬ್ಯಾಟಿನ ಸದ್ದು ಎಲ್ಲ ಅಲ್ಲೇ ಸೇರಿಸಿ, ಕಣ್ಣೆದುರು ನೋಡುತ್ತಿರುವ ಹಾಗೆ ಹೇಳುತ್ತಿದ್ದರು. ಕೇಳುವವರು ಇಡೀ ಮೈದಾನವನ್ನೇ ಕಾಣುತ್ತಿದ್ದರು. ಕ್ರಿಕೆಟ್ ಕಾಮೆಂಟರಿಯನ್ನು ಟ್ರಾನ್ಸಿಸ್ಟರಿಗೆ ಕಿವಿ ಹಚ್ಚಿ ಕೇಳಿದ ತಲೆಮಾರಿನವರಿಗೆ ಈ ಮ್ಯಾಜಿಕ್ ಗೊತ್ತು.

ಇಲ್ಲದ ಪಂದ್ಯವನ್ನು ಸದ್ದಿನಲ್ಲೇ ಕಟ್ಟಿದ ಮನುಷ್ಯನ ದುಡ್ಡಿನಲ್ಲಿ ಆದ ಸಿನಿಮಾ ಇದು. ಇಲ್ಲದ ಸುಂಡಿಲಿಯನ್ನು ಸದ್ದಿನಲ್ಲೇ ಕಟ್ಟಿದೆ ಅಂದರೆ ನನಗೇನೂ ಆಶ್ಚರ್ಯ ಇಲ್ಲ.

ಟೈಪ್‌ರೈಟರ್ ದೃಶ್ಯದ ಬಗ್ಗೆ ಎಲ್ಲರೂ ಹೇಳುತ್ತಾರೆ. ಅದೇನು?

ಆ ಮೆಕ್ಲೆಂಡನ್ ಅವರೇ ವಿಜ್ಞಾನಿ ರ‍್ಯಾಡ್‌ಫರ್ಡ್ ಪಾತ್ರದಲ್ಲಿದ್ದಾರೆ. ದಪ್ಪ ಕನ್ನಡಕ, ಒಣ ಮುಖ, ಕೆಲಸ ಬಿಟ್ಟು ಬೇರೆ ಮಾತಿಲ್ಲ. ಒಂದು ಸುಂಡಿಲಿ ಒಳಗೆ ನುಗ್ಗಿ ಅವನ ಕಾಲಿಗೆ ಬಾಯಿ ಹಾಕುತ್ತದೆ. ಕಡಿತ ತುಂಬ ಚಿಕ್ಕದು. ಆದರೆ ವಿಷ ಏರುತ್ತದೆ ಅಂತ ಅವನಿಗೆ ಗೊತ್ತು. ಅವನು ಕಿರುಚುವುದಿಲ್ಲ, ಯಾರನ್ನೂ ಕರೆಯುವುದಿಲ್ಲ. ಟೈಪ್‌ರೈಟರ್ ಮುಂದೆ ಕೂತು ತನ್ನ ಮೈಯಲ್ಲಿ ಏನೇನು ಆಗುತ್ತಿದೆ ಅಂತ ಒಂದೊಂದಾಗಿ ಟೈಪ್ ಮಾಡುತ್ತಾ ಹೋಗುತ್ತಾನೆ. ಕೀಲಿಗಳ ಸದ್ದು. ನಿಧಾನ ಆಗುವ ಸದ್ದು. ಆಮೇಲೆ ತಲೆ ಕೆಳಗೆ ಬೀಳುತ್ತದೆ.

ಇಡೀ ಚಿತ್ರದಲ್ಲಿ ನಾನು ನಗದ ದೃಶ್ಯ ಇದೊಂದೇ. ಇಲ್ಲೂ ಕೆಲಸ ಮಾಡುವುದು ಸದ್ದೇ, ಗಮನಿಸಿ.

ಸುಂಡಿಲಿಗೆ ನಿಜಕ್ಕೂ ವಿಷ ಇದೆಯಾ?

ಕೆಲವು ಜಾತಿಗೆ ಇದೆ. ಉತ್ತರ ಅಮೆರಿಕದ ಗಿಡ್ಡ ಬಾಲದ ಸುಂಡಿಲಿಯ ಜೊಲ್ಲಿನಲ್ಲಿ ವಿಷ ಇರುತ್ತದೆ. ಹುಳ, ಸಣ್ಣ ಪ್ರಾಣಿಗಳನ್ನು ಅಲುಗದ ಹಾಗೆ ಮಾಡಿ ಇಟ್ಟುಕೊಳ್ಳಲು ಅದು ಸಾಕು. ಮನುಷ್ಯನಿಗೆ ಕಚ್ಚಿದರೆ ಉರಿ, ಊತ ಬರಬಹುದು, ಸಾಯುವುದಿಲ್ಲ. ಚಿತ್ರದಲ್ಲಿ ಬೇರೆ ಕಾರಣ ಕೊಡುತ್ತಾರೆ. ಕೊಲ್ಲಲು ಇಟ್ಟ ಪಾಷಾಣವನ್ನೇ ಅವು ತಿಂದು ಅರಗಿಸಿಕೊಂಡು, ಅದು ಜೊಲ್ಲಿಗೆ ಬಂದಿದೆ ಅಂತ. ಅದು ಬುರುಡೆ. ಆದರೆ ಕಥೆಗೆ ಸೊಗಸಾದ ಬುರುಡೆ. ಅವರೇ ಇಟ್ಟದ್ದು ಅವರಿಗೇ ಬಂತು.

ಅಷ್ಟು ತಿನ್ನುವುದು ನಿಜವಾ?

ನಿಜ. ಅನೇಕ ಸುಂಡಿಲಿಗಳು ದಿನಕ್ಕೆ ತಮ್ಮ ತೂಕದಷ್ಟು, ಕೆಲವು ಅದಕ್ಕಿಂತ ಜಾಸ್ತಿ ತಿನ್ನುತ್ತವೆ. ಕೆಲವು ಗಂಟೆ ಹೊಟ್ಟೆ ಖಾಲಿ ಇದ್ದರೆ ಸಾಯುವ ಜಾತಿಗಳೂ ಇವೆ. ಎಟ್ರಸ್ಕನ್ ಸುಂಡಿಲಿ ಅಂತ ಒಂದಿದೆ, ತೂಕ ಸುಮಾರು 2 ಗ್ರಾಂ. ಅದರ ಎದೆ ನಿಮಿಷಕ್ಕೆ ಸಾವಿರಕ್ಕಿಂತ ಜಾಸ್ತಿ ಸಲ ಬಡಿಯುತ್ತದೆ.

ಆದರೆ ಪ್ರಾಣಿ ದೊಡ್ಡದಾದಂತೆ ಈ ಲೆಕ್ಕ ಬದಲಾಗುತ್ತದೆ. ಚಿಕ್ಕ ಮೈಯಿಂದ ಬಿಸಿ ಬೇಗ ಹೊರಗೆ ಹೋಗುತ್ತದೆ, ದೊಡ್ಡ ಮೈಯಿಂದ ನಿಧಾನ. ಕಾರಣ ಇದೊಂದೇ ಅಲ್ಲ, ಆದರೆ ದೊಡ್ಡ ಪ್ರಾಣಿಗೆ ಕೆಜಿ ಲೆಕ್ಕದಲ್ಲಿ ಕಡಿಮೆ ಊಟ ಸಾಕು. ಮ್ಯಾಕ್ಸ್ ಕ್ಲೈಬರ್ ಅನ್ನುವ ವಿಜ್ಞಾನಿ 1930ರ ದಶಕದಲ್ಲಿ ಇದಕ್ಕೆ ಒಂದು ಸೂತ್ರ ಕೊಟ್ಟರು. ಆ ಸೂತ್ರ ಹಾಕಿ ನೋಡಿ. 10 ಗ್ರಾಂ ಸುಂಡಿಲಿ ದಿನಕ್ಕೆ 10 ಗ್ರಾಂ ತಿನ್ನುತ್ತದೆ ಅಂದುಕೊಳ್ಳೋಣ. ಅದು 30 ಕೆಜಿ ಆದರೆ 30 ಕೆಜಿ ಬೇಕಾಗುವುದಿಲ್ಲ, ಸುಮಾರು 4 ಕೆಜಿ ಸಾಕು. ಹಾಗಿದ್ದರೂ ಇನ್ನೂರು ಪ್ರಾಣಿಗೆ ದಿನಕ್ಕೆ 800 ಕೆಜಿ ಆಯಿತು. ಪುಟ್ಟ ದ್ವೀಪದಲ್ಲಿ ಎಲ್ಲಿಂದ ತರುವುದು? ಸಿನಿಮಾದ ವಿಜ್ಞಾನ ತಪ್ಪಿದರೂ ಕಥೆ ಉಳಿಯಿತು.

ಕ್ರೇಗಿಸ್‌ಗೆ ಇನ್ನೊಂದು ಕೊಕ್ಕೆ ಇದೆ. ಮನುಷ್ಯನನ್ನು ಅರ್ಧ ತೂಕಕ್ಕೆ ಇಳಿಸಿದರೂ ಅವನ ಊಟ ಅರ್ಧಕ್ಕೆ ಇಳಿಯುವುದಿಲ್ಲ, ಹತ್ತರಲ್ಲಿ ಆರು ಪಾಲು ಬೇಕೇ ಬೇಕು. ಪಾಪ, ಅವನಿಗೆ ಯಾರೂ ಹೇಳಲಿಲ್ಲ.

ನಟರಲ್ಲಿ ಗೊತ್ತಿರುವವರು ಯಾರಾದರೂ ಇದ್ದಾರಾ?

ಕ್ಯಾಪ್ಟನ್ ಪಾತ್ರದ ಜೇಮ್ಸ್ ಬೆಸ್ಟ್ ಮುಂದೆ ‘ದಿ ಡ್ಯೂಕ್ಸ್ ಆಫ್ ಹ್ಯಾಜರ್ಡ್’ ಧಾರಾವಾಹಿಯ ಪೆದ್ದ ಶೆರಿಫ್ ಆಗಿ ಪ್ರಸಿದ್ಧರಾದರು. ಆ್ಯನ್ ಪಾತ್ರದ ಇಂಗ್ರಿಡ್ ಗೌಡೆ 1956ರ ಮಿಸ್ ಸ್ವೀಡನ್. (ಹೆಸರು ನೋಡಿ ಹಾಸನದ ಕಡೆಯವರಾ ಅಂತ ಕೇಳಿದವರು ಒಬ್ಬರಲ್ಲ, ಇಬ್ಬರಲ್ಲ. ಅಲ್ಲ.) ಅಪ್ಪ-ಮಗಳ ಉಚ್ಚಾರ ಒಂದಕ್ಕೊಂದು ಸೇರುವುದೇ ಇಲ್ಲ. ಅಪ್ಪನ ಪಾತ್ರದ ಬಾರೂಕ್ ಲ್ಯೂಮೆಟ್ ಯಿಡ್ಡಿಷ್ (ಯುರೋಪಿನ ಯಹೂದಿಗಳ ಭಾಷೆ) ರಂಗಭೂಮಿಯಿಂದ ಬಂದವರು. ಅವರ ಮಗ ಸಿಡ್ನಿ ಲ್ಯೂಮೆಟ್. ಮಗ 1957ರಲ್ಲಿ ‘12 ಆ್ಯಂಗ್ರಿ ಮೆನ್’ ಮಾಡಿ ದೊಡ್ಡ ನಿರ್ದೇಶಕ ಅನ್ನಿಸಿಕೊಂಡರು. ಅದಾಗಿ ಎರಡೇ ವರ್ಷಕ್ಕೆ ಅಪ್ಪ ಸುಂಡಿಲಿಗಳ ನಡುವೆ. ಎರಡೂ ಚಿತ್ರದಲ್ಲಿ ಒಂದು ಕೋಣೆಯೊಳಗೆ ಸಿಕ್ಕಿಕೊಂಡ ಜನ ಜಗಳವಾಡುತ್ತಾರೆ ಅನ್ನುವುದು ಬೇರೆ ಮಾತು.

ನಿರ್ದೇಶಕ ಕೆಲಾಗ್ ಮೊದಲು ಫಾಕ್ಸ್ ಸ್ಟುಡಿಯೊದಲ್ಲಿ ಸ್ಪೆಷಲ್ ಎಫೆಕ್ಟ್ಸ್ ನೋಡಿಕೊಳ್ಳುತ್ತಿದ್ದವರು. ದೊಡ್ಡ ಸ್ಟುಡಿಯೊದ ಎಫೆಕ್ಟ್ಸ್ ತಜ್ಞರಿಗೆ ಇಲ್ಲಿ ಸಿಕ್ಕಿದ್ದು ನಾಯಿ ಮತ್ತು ಕೂದಲು.

ದ್ವೀಪ ಎಲ್ಲಿದೆ?

ಟೆಕ್ಸಾಸ್‌ನ ಡಲ್ಲಾಸ್ ಹತ್ತಿರ. ಅಲ್ಲಿಂದ ಸಮುದ್ರ ನೂರಾರು ಕಿಲೋಮೀಟರ್ ದೂರ. ಅಲೆ ಯಾಕೆ ಅಷ್ಟು ಸೌಮ್ಯವಾಗಿದೆ ಅಂತ ಈಗ ಗೊತ್ತಾಯಿತಲ್ಲ.

ಕೊನೆಗೆ ಹೇಗೆ ತಪ್ಪಿಸಿಕೊಳ್ಳುತ್ತಾರೆ?

ನನ್ನ ಮೆಚ್ಚಿನ ಭಾಗ. ಕೊಟ್ಟಿಗೆ ಕಡೆಯಲ್ಲಿ ದೊಡ್ಡ ಕಬ್ಬಿಣದ ಡ್ರಮ್‌ಗಳಿರುತ್ತವೆ. ಅವನ್ನು ಬೋರಲು ಹಾಕಿ, ಒಂದಕ್ಕೊಂದು ಬಿಗಿದು, ಕಣ್ಣಿಗೆ ಸೀಳು ಕೊರೆದು, ಒಬ್ಬೊಬ್ಬರು ಒಂದೊಂದರ ಒಳಗೆ ಹೋಗುತ್ತಾರೆ. ಆಮೇಲೆ ಕುಕ್ಕರುಗಾಲಿನಲ್ಲೇ ಹೆಜ್ಜೆ ಹೆಜ್ಜೆ ಇಟ್ಟುಕೊಂಡು ಕಡಲ ದಡಕ್ಕೆ ಹೊರಡುತ್ತಾರೆ. ಸುತ್ತ ಸುಂಡಿಲಿಗಳು ಬೊಗಳದೆ, ಕಿಚಗುಟ್ಟುತ್ತಾ, ಡ್ರಮ್ಮಿನ ಅಡಿಗೆ ಮೂತಿ ಹಾಕುತ್ತವೆ.

ಹೊರಗಿನಿಂದ ನೋಡಿದರೆ ನಾಲ್ಕು ಡ್ರಮ್‌ಗಳು ತಾವಾಗಿಯೇ ತೆವಳುವ ಹಾಗೆ ಕಾಣುತ್ತದೆ, ನಗು ತಡೆಯಲು ಆಗುವುದಿಲ್ಲ. ಆದರೆ ಒಳಗಿನ ಶಾಟ್ ನೋಡಿ. ಕತ್ತಲು, ಸೀಳಿನಿಂದ ಬರುವ ಒಂದು ಗೆರೆ ಬೆಳಕು, ಬೆವರು, ಕಾಲಿನ ಪಕ್ಕದಲ್ಲೇ ಹಲ್ಲು. ಇದಕ್ಕೆ ಎಷ್ಟು ಖರ್ಚಾಗಿರಬಹುದು? ಆದರೂ ಉಸಿರು ಕಟ್ಟುತ್ತದೆ.

ಜೆರ್ರಿ ಡ್ರಮ್ಮಿನೊಳಗೆ ಬರಲು ಒಪ್ಪುವುದಿಲ್ಲ. ಚಾವಣಿ ಮೇಲೆ ಉಳಿಯುತ್ತಾನೆ, ಆಮೇಲೆ ಓಡಲು ನೋಡುತ್ತಾನೆ, ಮುಗಿಯುತ್ತಾನೆ. ಉಳಿದ ಮೂವರು ನೀರಿಗೆ ಇಳಿದು ದೋಣಿಗೆ ಈಜುತ್ತಾರೆ. ಹಿಂದೆ ಉಳಿದ ಸುಂಡಿಲಿಗಳು ಒಂದನ್ನೊಂದು ತಿಂದು ಮುಗಿಯುತ್ತವೆ ಅಂತ ಕ್ರೇಗಿಸ್ ಲೆಕ್ಕ ಹೇಳುತ್ತಾನೆ. ಥಾರ್ನ್ ಮತ್ತು ಆ್ಯನ್ ಅಪ್ಪಿಕೊಳ್ಳುತ್ತಾರೆ. ಜನಸಂಖ್ಯೆಯ ಚಿಂತೆ ಅಲ್ಲಿಗೆ ಬದಿಗೆ ಸರಿಯಿತು.

ಈಗ ನೋಡಿದರೆ ಮುಜುಗರ ಆಗುವಂಥದ್ದು ಏನಾದರೂ ಇದೆಯಾ?

ಇದೆ. ಮೊದಲು ಸಾಯುವವನು ರೂಕ್, ಚಿತ್ರದ ಒಬ್ಬನೇ ಕಪ್ಪು ಮನುಷ್ಯ. ನಂತರ ಮಾರಿಯೊ, ಮನೆಯ ಆಳು. ಆಮೇಲಷ್ಟೇ ಬಿಳಿಯರ ಸರದಿ. ರೂಕ್ ಮರ ಹತ್ತಿ ಕಾಯುವ ದೃಶ್ಯ ನಿಜಕ್ಕೂ ಚೆನ್ನಾಗಿದೆ, ಆ ನಟ ಕೂಡ ಚೆನ್ನಾಗಿ ಮಾಡಿದ್ದಾರೆ. ಆದರೆ ಅವನು ಸತ್ತ ಮೇಲೆ ಅವನಿಗಾಗಿ ಯಾರೂ ಎರಡು ಮಾತು ಜಾಸ್ತಿ ಆಡುವುದಿಲ್ಲ. ಬಡ್ಜೆಟ್ ಕಡಿಮೆ ಅನ್ನುವ ನೆಪ ಇದಕ್ಕೆ ಸಲ್ಲುವುದಿಲ್ಲ. ಕಣ್ಣೀರಿಗೆ ದುಡ್ಡು ಬೇಕಾಗಿರಲಿಲ್ಲ.

ಆಗ ಓಡಿತಾ?

ಕಾರಿನಲ್ಲೇ ಕೂತು ನೋಡುವ ಡ್ರೈವ್-ಇನ್‌ ಥಿಯೇಟರ್‌ಗಳಲ್ಲಿ ಓಡಿತು. ಮೆಕ್ಲೆಂಡನ್ ಕುಟುಂಬಕ್ಕೆ ಸ್ವಂತ ಥಿಯೇಟರ್‌ಗಳಿದ್ದವು. ಅಲ್ಲಿಗೆ ಬೇಕಾದ ಸರಕನ್ನು ತಾವೇ ಮಾಡಿಕೊಂಡರು. ಹಲ್ಲಿ ಮತ್ತು ಸುಂಡಿಲಿ, ಒಂದು ಟಿಕೆಟ್ಟಿಗೆ ಎರಡು ಪಿಕ್ಚರ್. ನಮ್ಮ ಟೆಂಟ್ ಸಿನಿಮಾದಲ್ಲಿ ಮರಳಿನ ಮೇಲೆ ಕೂತವರು ಏನು ಬಯಸುತ್ತಿದ್ದರೋ ಅಲ್ಲಿ ಕಾರಿನಲ್ಲಿ ಕೂತವರೂ ಅದನ್ನೇ ಬಯಸುತ್ತಿದ್ದರು. ದುಡ್ಡಿಗೆ ತಕ್ಕಷ್ಟು ಹೊತ್ತು.

ಆಮೇಲೆ ಟಿವಿಯಲ್ಲಿ ಬಂತು. 1992ರಲ್ಲಿ ‘ಮಿಸ್ಟರಿ ಸೈನ್ಸ್ ಥಿಯೇಟರ್ 3000’ ಅನ್ನುವ, ಕೆಟ್ಟ ಸಿನಿಮಾ ಹಾಕಿ ಗೇಲಿ ಮಾಡುವ ಕಾರ್ಯಕ್ರಮ ಇದನ್ನು ಎತ್ತಿಕೊಂಡಿತು. ಹೊಸ ತಲೆಮಾರಿಗೆ ಗೊತ್ತಾದದ್ದು ಅಲ್ಲಿಂದ. 2012ರಲ್ಲಿ ‘ರಿಟರ್ನ್ ಆಫ್ ದಿ ಕಿಲ್ಲರ್ ಶ್ರೂಸ್’ ಅಂತ ಮುಂದಿನ ಭಾಗವೂ ಬಂತು. ಐವತ್ತಮೂರು ವರ್ಷ ಆದ ಮೇಲೆ ಅದೇ ಜೇಮ್ಸ್ ಬೆಸ್ಟ್ ಅದೇ ಕ್ಯಾಪ್ಟನ್ ಆಗಿ ವಾಪಸ್ ಬಂದರು. ಅದನ್ನು ಹುಡುಕಿ ನೋಡಲೇಬೇಕು ಅಂತೇನಿಲ್ಲ.

ಎಲ್ಲಿ ಸಿಗುತ್ತದೆ? ತೋರಿಸಲು ಅನುಮತಿ ಬೇಕಾ?

ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಅಮೆರಿಕದಲ್ಲಿ ಇದು ಎಂದೋ ಸಾರ್ವಜನಿಕ ಸ್ವತ್ತಾಗಿದೆ. ಭಾರತದ ಕಾಯ್ದೆಯಲ್ಲಿ ಸಿನಿಮಾದ ಕಾಪಿರೈಟ್ ಬಿಡುಗಡೆಯಾದ ವರ್ಷದ ನಂತರ 60 ವರ್ಷ. 1959ರ ಚಿತ್ರಕ್ಕೆ ಅದು 2019ರ ಕೊನೆಗೆ ಮುಗಿಯಿತು. ಬಣ್ಣ ಹಚ್ಚಿದ ಆವೃತ್ತಿಯೂ ಇದೆ, ಬೇಡ. ಬಣ್ಣದಲ್ಲಿ ನಾಯಿ ಇನ್ನೂ ನಾಯಿಯಾಗುತ್ತದೆ.

ಹೇಗೆ ನೋಡಿದರೆ ಚೆನ್ನ?

ರಾತ್ರಿ, ದೀಪ ಆರಿಸಿ, ವಾಲ್ಯೂಮ್ ಜಾಸ್ತಿ ಇಟ್ಟು. ಮಳೆ ಇದ್ದರೆ ಇನ್ನೂ ಒಳ್ಳೆಯದು. ಗೋಡೆ ಕೆರೆಯುವ ಸದ್ದು ಬಂದಾಗ ಎರಡು ನಿಮಿಷ ಕಣ್ಣು ಮುಚ್ಚಿ ಕೇಳಿ. ಮೊಬೈಲ್ ಸ್ಪೀಕರಿನಲ್ಲಿ ನೋಡುವುದಾದರೆ ಸುಮ್ನೆ ಬಿಟ್ಟುಬಿಡಿ.

ಮಕ್ಕಳಿಗೆ ತೋರಿಸಬಹುದಾ?

ರಕ್ತ ಹೆಚ್ಚೇನೂ ಇಲ್ಲ. ಕುಡಿಯುವುದು ಜಾಸ್ತಿ ಇದೆ. ಅಕ್ಕನ ಮಗಳಿಗೆ ಎಂಟು ವರ್ಷ, ಅವಳು ಪೂರ್ತಿ ನೋಡಿದಳು. ಟೈಪ್‌ರೈಟರ್ ದೃಶ್ಯದಲ್ಲಿ ನನ್ನ ತೋಳು ಹಿಡಿದುಕೊಂಡಳು, ಡ್ರಮ್ ದೃಶ್ಯದಲ್ಲಿ ಬಿದ್ದು ಬಿದ್ದು ನಕ್ಕಳು. ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದಳು: “ಮಾಮ, ಅಷ್ಟು ಕೂದಲು ಹೊದ್ಕೊಂಡು ನಾಯಿಗಳಿಗೆ ಸೆಕೆ ಆಗ್ಲಿಲ್ವಾ?”

ಟೆಕ್ಸಾಸ್ ಬಿಸಿಲಲ್ವಾ, ಆಗಿರುತ್ತೆ ಕಣೇ ಅಂದೆ. ಅವಳು ಅಡುಗೆಮನೆಗೆ ಹೋಗಿ ನಮ್ಮ ನಾಯಿಯ ಬಟ್ಟಲಿಗೆ ನೀರು ತುಂಬಿಸಿಟ್ಟು ಬಂದಳು.